ಹೇನು ಹೆಕ್ಕುವ ಯಂತ್ರ

ಮುದಿಕೋತಿಗಳ ಆಶ್ರಮಕ್ಕೆ ಹೇನು ಹೆಕ್ಕುವ ಯಂತ್ರವೊಂದು ಬಂತು. ಅದು ಬೇಕೋ ಬೇಡವೋ ಎಂದು ಅಭಿಪ್ರಾಯ ಹೇಳಲು ಮುಸುವ ಮೇಷ್ಟ್ರು ಶಾಲೆಯ ಮರಿಕೋತಿಗಳನ್ನು ಅಲ್ಲಿಗೆ ಕರೆತಂದರು.

“ಬೇಕು,” ಎಂದಿತು ಒಂದು ಮರಿ. “ಅದಕ್ಕೆ ಬೇಸರವಿಲ್ಲ, ಕೈ ಸೋಲುವುದಿಲ್ಲ.”

“ಬೇಡ,” ಎಂದಿತು ಇನ್ನೊಂದು. “ಅದಕ್ಕೆ ಪ್ರೀತಿಯಿಲ್ಲ.”

“ಪ್ರೀತಿಯಿರುವ ನೀನು ಇಲ್ಲಿಗೆ ಹಿಂದೆ ಯಾವಾಗ ಬಂದಿದ್ದೆ?” ಎಂದು ಯಂತ್ರ ಕೇಳಿತು. ಮರಿ ತನ್ನ ಬಾಲ ನೋಡಿಕೊಂಡಿತು.

ವಾದ ಊಟದ ಹೊತ್ತಿನವರೆಗೂ ನಡೆಯಿತು. ಅಷ್ಟು ಹೊತ್ತೂ ಮಾಳಜ್ಜಿ ಎಂಬ ಮುದಿಕೋತಿ ಯಂತ್ರದ ಮುಂದೆಯೇ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೊನೆಗೆ ತಿಮ್ಮಿ ಎಂಬ ಹೆಣ್ಣುಮರಿ ಹತ್ತಿರ ಬಂದಳು.

“ಅಜ್ಜೀ, ಯಂತ್ರ ಹೇಗಿದೆ?”

“ಕೆಲಸಕ್ಕೆ ಹೆಸರಿಡುವ ಹಾಗಿಲ್ಲ ಮಗಾ. ನನ್ನ ತಲೆಯಲ್ಲಿ ಒಂದು ಸೀರೂ ಉಳಿದಿಲ್ಲ.”

“ಮತ್ತೆ ಮುಖ ಯಾಕೆ ಸಪ್ಪಗಿದೆ?”

“ಅದು ನನ್ನ ತಲೆ ನೋಡಿತು. ಆಮೇಲೆ ನಾನು ಅದರ ತಲೆ ನೋಡಿದೆ. ಎಷ್ಟು ಹುಡುಕಿದರೂ ಒಂದು ಹೇನೂ ಸಿಗಲಿಲ್ಲ.”

“ನನ್ನಲ್ಲಿ ಹೇನಿರಲು ಸಾಧ್ಯವೇ ಇಲ್ಲ,” ಎಂದಿತು ಯಂತ್ರ. “ನಿಮಗೆ ಯಾವ ಕೆಲಸವೂ ಇರಬಾರದೆಂದು ನನ್ನನ್ನು ಹೀಗೆ ಮಾಡಿದ್ದಾರೆ.”

“ಅದೇ,” ಎಂದಳು ಮಾಳಜ್ಜಿ.

ತಿಮ್ಮಿ ಅವಳ ಮಡಿಲಲ್ಲಿ ತಲೆಯಿಟ್ಟಳು.

ಹೊರಡುವ ಹೊತ್ತಿಗೆ ಮೇಷ್ಟ್ರು ಕೂಗಿದರು: “ತಿಮ್ಮೀ, ನಿನ್ನ ಅಭಿಪ್ರಾಯ ಒಂದೇ ಬಾಕಿ. ಬೇಗ ಹೇಳು!”

“ಸ್ವಲ್ಪ ತಡೀರಿ ಮೇಷ್ಟ್ರೇ,” ಎಂದಳು ಮಾಳಜ್ಜಿ, ಬೆರಳು ನಿಲ್ಲಿಸದೆ. “ಈ ಹುಡುಗಿ ತಲೆ ತುಂಬಾ ಹೇನು. ನಾಳೆಗೂ ಮುಗಿಯೋ ಹಾಗೆ ಕಾಣೋದಿಲ್ಲ.”