ಹಾಲುಗಂಬದ ಮೇಲೆ ಕಾಗೆ

“ಗುರುಗಳೇ, ಅಪಶಕುನ ಎಂಬುದು ನಿಜವೇ, ಸುಳ್ಳೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರನೂ ಅವನ ಹೆಂಡತಿಯೂ ಇದ್ದರು. ಅವರಿಗೆ ಒಬ್ಬಳೇ ಮಗಳು. ಅವಳ ಮದುವೆಗೆ ಅಂಗಳದಲ್ಲಿ ಚಪ್ಪರ ಹಾಕಿದಾಗ, ಪದ್ಧತಿಯಂತೆ ಹಾಲೆರೆದು ಪೂಜಿಸುವ ಹಾಲುಗಂಬ ನೆಡಬೇಕಾಯಿತು. ನೆಂಟರು ಎಲೆತೋಟಕ್ಕೆ ಹೋಗಿ, ವೀಳ್ಯದೆಲೆಯ ಬಳ್ಳಿ ಹಬ್ಬಿಸಲು ಬೆಳೆಸಿದ್ದ ಹಾಲವಾಣದ ಮರದಿಂದ ಒಂದು ಗೂಟ ಕಡಿದು ತಂದರು. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೂ ಗೂಟ ಅಲ್ಲೇ ಉಳಿಯಿತು. ಬೇರುಬಿಟ್ಟು ಚಿಗುರಿತು. ಬಳೆಗಾರನ ಹೆಂಡತಿಗೆ ಹಿಗ್ಗೋ ಹಿಗ್ಗು. ಹಾಲುಗಂಬ ಚಿಗುರಿದರೆ ಮಗಳ ಬಾಳೂ ಚಿಗುರಿದಂತೆ ಎಂದು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಕೆಲವು ವರ್ಷ ಕಳೆದವು. ಗೂಟ ಮರವಾಯಿತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಳೆಗಾರ ವ್ಯಾಪಾರಕ್ಕೆಂದು ಊರೂರು ಸುತ್ತಲು ಹೋಗಿದ್ದ. ಆ ಮಾಘದಲ್ಲಿ ಮರ ಮೊದಲ ಸಲ ಎಲೆ ಉದುರಿಸತೊಡಗಿತು. ಕೊನೆಗೆ ಒಂದೆಲೆಯೂ ಉಳಿಯಲಿಲ್ಲ, ಬರೀ ಮುಳ್ಳಿನ ಕೊಂಬೆ. ಎಲೆತೋಟದ ಹಾಲವಾಣಗಳನ್ನು ಬಳೆಗಾರನ ಹೆಂಡತಿ ಚಿಕ್ಕಂದಿನಿಂದ ಕಂಡವಳು. ಅವು ಹೀಗೆ ಬೋಳಾದದ್ದನ್ನು ನೋಡಿರಲಿಲ್ಲ. ತೋಟದವರು ಅವುಗಳ ಕೊಂಬೆಗಳನ್ನು ಆಗಾಗ ಸವರುತ್ತಾರೆ, ಹೂ ಬಿಡುವಷ್ಟು ಬೆಳೆಯಲು ಬಿಡುವುದೇ ಇಲ್ಲ ಎಂಬುದು ಆಕೆಗೆ ಹೊಳೆಯಲಿಲ್ಲ. ತಾನೇ ನೀರೆರೆದ ಮರದ ಹೂವು ಯಾವ ಬಣ್ಣದ್ದೆಂದೂ ಆಕೆಗೆ ಗೊತ್ತಿರಲಿಲ್ಲ.

ಒಳಗೆ ದಿನ ತುಂಬಿದ ಮಗಳು, ಹೊರಗೆ ಒಣಗಿದ ಹಾಲುಗಂಬ. ತಾಯಿಗೆ ಇದು ಅಪಶಕುನವಾಗಿ ಕಂಡಿತು. ಅದೂ ಸಾಲದೆಂಬಂತೆ ಕಾಗೆಗಳು ಬಂದವು. ಬೆಳಗಾದರೆ ಸಾಕು, ಬೋಳು ಮರದ ತುಂಬ ಕಾಗೆ. ಅತ್ತ ತಲೆಯೆತ್ತಿ ನೋಡಲೂ ಹೆದರಿ, ಆಕೆ ಕಣ್ಣು ತಗ್ಗಿಸಿಕೊಂಡೇ ಕೋಲು ಬೀಸುತ್ತಿದ್ದಳು. ಅವು ಹಾರಿ ಮತ್ತೆ ಅಲ್ಲಿಗೇ ಬರುತ್ತಿದ್ದವು. ಮಗಳು ಹೆರಿಗೆಯಲ್ಲಿ ಕೈಬಿಟ್ಟು ಹೋದರೆ? ಆಕೆಗೆ ಅನ್ನ ಸೇರಲಿಲ್ಲ. ಮಗಳೆದುರು ಮಾತ್ರ ತುಟಿ ಬಿಚ್ಚಲಿಲ್ಲ. ಮರ ತೊಲಗಿದರೆ ಕೇಡೂ ತೊಲಗೀತೆಂದು ಮರ ಕಡಿಯುವವನನ್ನು ಕರೆಸಿದಳು.

ಅವನು ಸೊಂಟಕ್ಕೆ ಬಟ್ಟೆ ಬಿಗಿದು ಕೊಡಲಿ ಎತ್ತಿದ. ಕಾಗೆಗಳನ್ನು ಮೊದಲು ಓಡಿಸೋಣವೆಂದು ಆಕೆ ಒಂದು ಕಲ್ಲು ಬೀಸಿದಳು. ಕಾಗೆ ಹಾರಿತು. ಅದರ ಕೊಕ್ಕಿನಿಂದ ಏನೋ ಜಾರಿ ಆಕೆಯ ಸೆರಗಿಗೆ ಬಿತ್ತು. ನೋಡಿದರೆ ಹೂವು. ಹುಲಿಯುಗುರಿನ ಹಾಗೆ ಬಾಗಿದ ಕೆಂಪು ಹೂವು, ಬುಡದಲ್ಲಿ ಸಿಹಿನೀರು. ಆಗ ಆಕೆ ಕತ್ತೆತ್ತಿದಳು. ಕೊಂಬೆಗಳ ತುದಿಯಲ್ಲೆಲ್ಲ ಮೊಗ್ಗು ಒಡೆಯುತ್ತಿತ್ತು. ಮರ ಒಣಗಿರಲಿಲ್ಲ, ಹೂ ಬಿಡಲೆಂದೇ ಎಲೆ ಉದುರಿಸಿತ್ತು. ಹಾರಿದ ಕಾಗೆ ಮರಳಿ ಬಂದು ಇನ್ನೊಂದು ಹೂವಿಗೆ ಕೊಕ್ಕಿಟ್ಟಿತು. ಗೊರವಂಕಗಳು ಇಳಿದವು. ಅಳಿಲು ಓಡಿ ಬಂತು. ಹೆಬ್ಬೆರಳುದ್ದದ ಸೂರಕ್ಕಿಯೂ ತನ್ನ ಪಾಲಿಗೆ ಜಗಳಕ್ಕೆ ನಿಂತಿತು. ಸುತ್ತಲೂ ಎಲ್ಲ ಒಣಗಿದ ಆ ದಿನಗಳಲ್ಲಿ ಊರ ಹಕ್ಕಿಗಳಿಗೆ ಆಕೆಯ ಅಂಗಳದಲ್ಲೇ ಊಟವಿತ್ತು.

“ಕಡೀಲಾ ಅಕ್ಕಾ?” ಎಂದು ಅವನು ಕೇಳಿದ.

“ಬ್ಯಾಡ ಕಣಪ್ಪಾ, ಕೊಡಲಿ ಕೆಳಗಿಡು. ಮಜ್ಜಿಗೆ ಕುಡ್ಕೊಂಡು ಹೋಗು,” ಎಂದಳು. ಅಳುವೂ ನಗುವೂ ಒಟ್ಟಿಗೇ ಬಂದು ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟಳು.

“ಏನವ್ವಾ ಅದು ಗಲಾಟೆ?” ಎಂದು ಒಳಗಿನಿಂದ ಮಗಳು ಕೂಗಿದಳು.

“ಏನಿಲ್ಲ ಮಗಾ, ನಿನ್ನ ಹಾಲುಗಂಬ ಹೂ ಬಿಟ್ಟೈತೆ.”

ಮರವೆಲ್ಲ ಕೆಂಪಾಗುವ ಹೊತ್ತಿಗೆ ಮಗಳಿಗೆ ಸುಖವಾಗಿ ಹೆರಿಗೆಯಾಯಿತು. ಬಾಣಂತಿಯೂ ಕೂಸೂ ಗಟ್ಟಿಮುಟ್ಟಾಗಿದ್ದರು.

ಕತೆ ಕೇಳಿ ಶಿಷ್ಯನ ಮನಸ್ಸು ಹಗುರವಾಯಿತು. “ಸದ್ಯ, ಮರ ಉಳಿಯಿತು. ಅಪಶಕುನ ಸುಳ್ಳೆಂದು ಆಕೆಗೂ ತಿಳಿಯಿತು,” ಎಂದ.

ಗುರುಗಳು ಹೇಳಿದರು: “ಹೂವು ಎರಡು ದಿನ ತಡವಾಗಿದ್ದರೆ, ಮರ ಕಡಿಸಿದ್ದರಿಂದಲೇ ಮಗಳು ಉಳಿದಳೆಂದು ಆಕೆ ಸಾಯುವ ತನಕ ಹೇಳುತ್ತಿದ್ದಳು.”