ಮುಂದೆ ಓಡುವವನ ಬೆನ್ನು

ತುಂಗಭದ್ರೆಯ ದಂಡೆಯ ಮೇಲೆ ಒಬ್ಬರು ಗುರು. ಕಾವಿ ಇಲ್ಲ, ಜಡೆ ಇಲ್ಲ. ಬೇರೆ ಗುರುಗಳ ಕೊರಳಲ್ಲಿ ರುದ್ರಾಕ್ಷಿ ಇರುವ ಕಡೆ ಇವರಿಗೊಂದು ಸೀಟಿ.

ಹೆಸರು ಹೊನ್ನಾಜಮ್ಮ. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ರಿಟೈರಾದವರು. ಎಲ್ಲರೂ ಕರೆಯೋದು ಅಕ್ಕೋರು ಅಂತ.

ಪ್ರಾಯದಲ್ಲಿ ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಇವರು ಮೈದಾನದಲ್ಲಿ ಓಡೋದನ್ನ ಗಂಡಿನ ಕಡೆಯವರು ಬೇಲಿ ಆಚೆಯಿಂದ ನೋಡಿ ತಾಂಬೂಲ ವಾಪಸ್ ಕಳಿಸಿದರಂತೆ. ಎಲೆ ಬಾಡೋದು ಬೇಡ ಅಂತ ಅಕ್ಕೋರು ಅದಕ್ಕೇ ಸುಣ್ಣ ಹಚ್ಚಿ ಹಾಕ್ಕೊಂಡರಂತೆ. ತುಟಿ ಎಷ್ಟು ಕೆಂಪಾಗಿತ್ತು ಅಂತ ನೋಡಿದವರು ಇವತ್ತಿಗೂ ಹೇಳ್ತಾರೆ.

ಈಗ ಹೊಳೆ ಪಕ್ಕ ಒಂದು ತಗಡಿನ ಮನೆ, ಒಂದು ಎಮ್ಮೆ, ಓಟ ಕಲಿಯೋಕೆ ಬರೋ ಹುಡುಗಿಯರು. ಊರವರು ಅದನ್ನ ಓಟದ ಮಠ ಅಂತ ಆಡಿಕೊಂಡರು. ಆಡಿಕೊಂಡ ಹೆಸರೇ ಗಟ್ಟಿಯಾಯ್ತು.

ಶಿಷ್ಯೆಯರಲ್ಲಿ ಎಲ್ಲರಿಗಿಂತ ಮುಂದಿನವಳು ದಾಕ್ಷಾಯಣಿ, ನೇಕಾರರ ಬೀದಿಯ ಸೊಸೆ. ಮದುವೆಯಾಗಿ ಬಂದ ಮೇಲೂ ಓಟ ಬಿಡಲಿಲ್ಲ. ಓಡೋದು ಮ್ಯಾರಥಾನು, ನಲವತ್ತೆರಡು ಕಿಲೋಮೀಟರು. ಬಸ್ಸಿನಲ್ಲಿ ಹೋದರೂ ಸೊಂಟ ಹಿಡಿಯೋ ದೂರ.

ಅವಳ ಮುಂದೆ ಓಡೋಕೆ ಅಕ್ಕೋರು ಒಬ್ಬನನ್ನ ಗೊತ್ತುಮಾಡಿದ್ದರು. ಗಾರೆ ಕೆಲಸದ ಈರಣ್ಣ. ಗಂಡಸರ ಓಟದಲ್ಲಿ ಅವನಿಗೆ ಯಾವತ್ತೂ ಒಂದು ಕಪ್ಪು ಸಿಕ್ಕಿದ್ದಿಲ್ಲ. ಆದರೆ ಹೊರಟಾಗ ಯಾವ ವೇಗವೋ ಕೊನೆತನಕ ಅದೇ ವೇಗ. ಅವನು ಗಾಳಿ ಸೀಳಿಕೊಂಡು ಮುಂದೆ, ಅವಳು ಅವನ ಬೆನ್ನು ನೋಡಿಕೊಂಡು ಹಿಂದೆ. ಓಟದವರು ಅಂಥವನನ್ನ ಪೇಸರ್ ಅಂತಾರೆ. ಮೂವತ್ತು ಕಿಲೋಮೀಟರಿಗೆ ಅವನ ಕೆಲಸ ಮುಗೀತು. ಪಕ್ಕಕ್ಕೆ ಸರಿದು ನಿಂತುಬಿಡ್ತಾನೆ. ಉಳಿದದ್ದನ್ನ ಅವಳೊಬ್ಬಳೇ ಓಡಬೇಕು.

ಓಟದವರಿಗೆ ಇದು ದಿನದ ಮಾತು. ನೇಕಾರರ ಬೀದಿಗೆ?

ಬೆಳಗಿನ ಮಂಜಿನಲ್ಲಿ ಒಬ್ಬ ಗಂಡಸು ಮುಂದೆ, ಇನ್ನೊಬ್ಬರ ಮನೆ ಸೊಸೆ ಹಿಂದೆ. ನೋಡಿದವರ ಬಾಯಿಗೆ ಹಬ್ಬ. ಅದರಲ್ಲೂ ಆ ಮೂವತ್ತನೇ ಕಿಲೋಮೀಟರ್ ಇದೆಯಲ್ಲ, ಅದು ಎಲ್ಲರ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅಲ್ಲಿವರೆಗೆ ಜೊತೆಗಿದ್ದವನು ಅಲ್ಲೇ ಯಾಕೆ ಮಾಯವಾಗ್ತಾನೆ? ಎಲ್ಲಿಗೆ ಹೋಗ್ತಾನೆ? ಆಮೇಲೆ ಇವಳು ಎಲ್ಲಿಗೆ ಹೋಗ್ತಾಳೆ? ಮಗ್ಗದ ಸದ್ದಿಗಿಂತ ಈ ಮಾತಿನ ಸದ್ದು ಜೋರಾಯ್ತು.

ಈರಣ್ಣನ ಹೆಂಡತಿ ಪಾರವ್ವನ ಕಿವಿಗೂ ಹಾಕಿದರು. ಅವಳು ಕೊಳಾಯಿ ಹತ್ತಿರ ಕೊಡ ತುಂಬಿಸ್ತಾ ತಣ್ಣಗೆ ಅಂದಳು: “ಬೆನ್ನು ಅವಳು ನೋಡಲಿ, ಮುಖ ನಾನು ನೋಡ್ತೀನಿ. ಎರಡರಲ್ಲೂ ಅಂಥಾ ನೋಡೋವಂಥದ್ದೇನಿಲ್ಲ ಕಣ್ರೇ.”

ದಾಕ್ಷಾಯಣಿಯ ಅತ್ತೆ ಸಿದ್ಧಲಿಂಗಮ್ಮ ಅಷ್ಟು ಹಗುರದ ಹೆಂಗಸಲ್ಲ. ಸೊಸೆಯನ್ನ ನಡುಮನೆಯಲ್ಲಿ ನಿಲ್ಲಿಸಿಕೊಂಡು, ಸಂಕ್ರಾಂತಿ ಕಳೆದ ಮೇಲಿನ ಓಟದಲ್ಲೂ ಆ ಗಂಡಸಿನ ಹಿಂದೆ ಹೋದರೆ ಈ ಹೊಸಿಲು ಮತ್ತೆ ತುಳಿಯಬೇಡ ಅಂದರು. ಗಂಡ ಅನ್ನಿಸಿಕೊಂಡವನು ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ಕೂತಿದ್ದ.

ಆ ಓಟವೇನು ಸಣ್ಣ ಓಟವಲ್ಲ. ಅದರಲ್ಲಿ ಗೊತ್ತುಮಾಡಿದ ಹೊತ್ತಿನೊಳಗೆ ಮುಟ್ಟಿದವರಿಗೆ ದೇಶದ ತಂಡದ ಶಿಬಿರದಿಂದ ಕರೆ ಬರುತ್ತೆ. ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆ ಅತ್ತೆ ಆಗಲೇ ಮೊಮ್ಮಗುವನ್ನ ಗೊತ್ತುಮಾಡಿಟ್ಟಿದ್ದರು.

ದಾಕ್ಷಾಯಣಿ ಮಠಕ್ಕೆ ಬಂದಳು. ಅಕ್ಕೋರು ಎಮ್ಮೆ ಮೈ ತೊಳೀತಿದ್ದರು.

“ಈರಣ್ಣನ್ನ ಬಿಡಿಸಿಬಿಡಿ ಅಕ್ಕೋರೆ. ನಾನು ಒಬ್ಬಳೇ ಓಡ್ತೀನಿ.”

“ಯಾರು ಏನಂದರು?”

ಅತ್ತೆ ಅಂದದ್ದನ್ನ ಹೇಳಿದಳು. ಅದರ ಹಿಂದೆಯೇ ಇನ್ನೊಂದು ಬಂತು. ದಾವಣಗೆರೆಯ ಒಬ್ಬಳು ಓಟಗಾರ್ತಿ, ಇವಳಿಗೆ ಸಮಸಮ ಓಡೋಳು, ಹೋದ ಸಲ ಬಟ್ಟೆ ಬದಲಿಸೋ ಕೋಣೆಯಲ್ಲಿ ಇವಳಿಗೆ ಕೇಳೋ ಹಾಗೆ ಆಡಿಕೊಂಡಿದ್ದಳಂತೆ. ಅದು ಅವಳ ಓಟ ಅಲ್ಲ, ಅವನ ಓಟ. ಎತ್ತು ಎಳೀತದೆ, ಗಾಡಿ ಹಿಂದೆ ಬರ್ತದೆ.

“ಯಾವುದು ಹೆಚ್ಚು ನೋಯ್ತು?”

“ಅತ್ತೆ ಮಾತು ಸುಳ್ಳು ಅಂತ ನನಗೆ ಗೊತ್ತು ಅಕ್ಕೋರೆ.”

ಎಮ್ಮೆ ಬಾಲ ಬೀಸಿ ಇಬ್ಬರಿಗೂ ನೀರು ಸಿಡಿಸಿತು.

“ಗಂಡಸಿನ ಹಿಂದೆ ಓಡಿದ್ದು ಹೆಂಗಸಿನ ಓಟ ಹೌದಾ, ಅಲ್ವಾ?” ಅಂತ ಆಮೇಲೆ ಕೇಳಿದಳು.

ಅಕ್ಕೋರು ಕಲ್ಲಿನ ಮೇಲೆ ಕೂತು ಹಳೇದನ್ನ ತೆಗೆದರು. ಒಂದು ಕಾಲದಲ್ಲಿ ದೊಡ್ಡ ದೊಡ್ಡ ದೇಶದ ಡಾಕ್ಟರುಗಳೇ, ಹೆಂಗಸು ಅಷ್ಟು ದೂರ ಓಡಿದರೆ ಗರ್ಭಕೋಶ ಜಾರುತ್ತೆ ಅಂತಿದ್ದರಂತೆ. ಬಿಂದಿಗೆ ಹೊತ್ತವಳಿಗೆ ಜಾರದ್ದು, ಸೌದೆ ಹೊತ್ತವಳಿಗೆ ಜಾರದ್ದು, ಓಡಿದವಳಿಗೆ ಮಾತ್ರ ಜಾರೋದು. ಅಮೆರಿಕದಲ್ಲಿ ಒಬ್ಬಳು ಪೊದೆ ಮರೆಯಲ್ಲಿ ಅಡಗಿದ್ದು, ಗಂಡಸರು ಹೊರಟ ಮೇಲೆ ನಡುವೆ ಸೇರಿಕೊಂಡು ಓಡಿದಳು. ಮರುವರ್ಷ ಇನ್ನೊಬ್ಬಳು ಹೆಣ್ಣು ಅಂತ ಗೊತ್ತಾಗದ ಹಾಗೆ ಹೆಸರನ್ನ ಮೊಟಕು ಮಾಡಿ ಬರೆಸಿ ಓಡಿದಳು. ಓಟ ನಡೆಸೋ ಯಜಮಾನರಲ್ಲೊಬ್ಬ ನಡುರಸ್ತೆಗೆ ಇಳಿದು ಅವಳ ಅಂಗಿ ಮೇಲಿನ ನಂಬರು ಕೀಳೋಕೆ ಬಂದ. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನು ಸಿಕ್ಕಿದ್ದು ಎಂಬತ್ತನಾಲ್ಕನೇ ಇಸವಿಯಲ್ಲಿ. ಅಷ್ಟೊತ್ತಿಗೆ ಅಕ್ಕೋರ ಬೈತಲೆಯಲ್ಲಿ ಬಿಳಿಕೂದಲು ಇಣುಕಿತ್ತು.

ಅದೂ ಆಯ್ತಾ, ಆಮೇಲೆ ಹೊಸ ತಕರಾರು. ಗಂಡಸರ ಜೊತೆ ಓಡಿ ಮಾಡಿದ ದಾಖಲೆಯನ್ನ ಹೆಂಗಸರ ದಾಖಲೆ ಅನ್ನೋಕಾಗಲ್ಲ ಅಂತ ಕೂತರು. ಗಲಾಟೆಯಾಯ್ತು. ಹೋಗಲಿ, ಎರಡನ್ನೂ ಬೇರೆ ಬೇರೆ ಬರೀತೀವಿ ಅಂದರು.

“ಮೊದಲು ಗಂಡಸರ ಜೊತೆ ಓಡಬೇಡ ಅಂದರು. ಆಮೇಲೆ ಗಂಡಸರ ಜೊತೆ ಓಡಿದ್ದು ಲೆಕ್ಕಕ್ಕಿಲ್ಲ ಅಂದರು. ನಿನಗೆ ಯಾವ ಕಾಲದವರ ಬೈಗುಳ ಬೇಕೋ ಆರಿಸ್ಕೋ.”

“ನನಗೆ ಬೈಗುಳ ಬೇಡ, ಉತ್ತರ ಬೇಕು.”

“ಹಾಗಾದರೆ ನಾಳೆಯಿಂದ ಈರಣ್ಣ ಬರಲ್ಲ. ಅವನ ಕೆಲಸ ನೀನು ಮಾಡು.”

ಮಠಕ್ಕೆ ಹೊಸದಾಗಿ ಸೇರಿದ್ದವಳು ಹಸೀನಾ, ಬೀಡಿ ಕಟ್ಟೋರ ಮನೆ ಹುಡುಗಿ. ತಲೆಗೆ ವಸ್ತ್ರ ಬಿಗಿದು, ತುಂಬುತೋಳಿನ ಅಂಗಿ ತೊಟ್ಟು ಓಡೋಳು. ಕಾಲಿಗಿಂತ ಬಾಯಿ ಮುಂದು.

ಅಕ್ಕೋರ ಅಪ್ಪಣೆ ಇಷ್ಟೇ. ಹಳೇ ಸೇತುವೆಯಿಂದ ಪಂಪ್‌ಹೌಸಿನವರೆಗೆ ದಾಕ್ಷಾಯಣಿ ಮುಂದೆ, ಹಸೀನಾ ಹಿಂದೆ. ತಿರುಗಿ ನೋಡೋ ಹಾಗಿಲ್ಲ. ತನ್ನ ಓಟವನ್ನ ದಾಕ್ಷಾಯಣಿ ಸಂಜೆ ಒಬ್ಬಳೇ ಮುಗಿಸಿಕೊಳ್ಳಬೇಕು.

ಮೊದಲ ದಿನ ದಾಕ್ಷಾಯಣಿ ಗಾಳಿ ಹಾಗೆ ಹೋಗಿ ಮುಟ್ಟಿದಳು. ಅಕ್ಕೋರು ಮೊಪೆಡ್ ನಿಲ್ಲಿಸಿಕೊಂಡು ಕಾಯ್ತಿದ್ದರು.

“ಯಾರ ಮುಂದೆ ಓಡಿದೆ?”

“ಹಸೀನಾ ಮುಂದೆ.”

“ಹಸೀನಾ ಎಲ್ಲಿ?”

ದೂರದಲ್ಲಿ ಒಂದು ಚುಕ್ಕೆ, ಸೊಂಟಕ್ಕೆ ಕೈಕೊಟ್ಟುಕೊಂಡು ನಡೆದು ಬರ್ತಿತ್ತು.

ಮರುದಿನ ನಿಧಾನ ಮಾಡಿದಳು. ಹಿಂದಿನವಳು ಹಿಮ್ಮಡಿ ತುಳಿದು ಇವಳ ಶೂ ಕಳಚಿತು. “ಅಕ್ಕಾ, ಹೆಣ ಹೊತ್ತೋರು ಇದಕ್ಕಿಂತ ಬೇಗ ಹೋಗ್ತಾರೆ” ಅಂದಳು ಹಸೀನಾ.

“ತಿರುಗದೆ ಹಿಂದಿನವಳ ಕಷ್ಟ ಹೇಗೆ ಗೊತ್ತಾಗಬೇಕು ಅಕ್ಕೋರೆ?”

“ಈರಣ್ಣ ಯಾವತ್ತಾದರೂ ನಿನ್ನ ಕಡೆ ತಿರುಗಿದ್ದನಾ?”

ದಾಕ್ಷಾಯಣಿ ನೆನೆದು ನೋಡಿದಳು. ಅಷ್ಟು ದಿನ ಮುಂದೆ ಓಡಿದವನು ಒಂದು ಸಲವೂ ತಿರುಗಿರಲಿಲ್ಲ. ಇದನ್ನ ಯಾರಾದರೂ ಆಗಲೇ ನೇಕಾರರ ಬೀದಿಗೆ ಹೇಳಿದ್ದರೆ ಎಷ್ಟೋ ಮನೆಯವರ ಸಂಜೆ ಹಾಳಾಗ್ತಿತ್ತು.

ಬರಬರುತ್ತಾ ಅವಳ ಕಿವಿ ಬೆನ್ನಿಗೆ ಬಂತು. ಹಿಂದೆ ಉಸಿರು ಚುರುಕಾದರೆ ತಾನು ತಗ್ಗಬೇಕು. ಹಸೀನಾ ಮಾತಾಡೋಕೆ ಶುರುಮಾಡಿದರೆ ಅವಳಲ್ಲಿ ಇನ್ನೂ ಶಕ್ತಿ ಇದೆ ಅಂತ ಅರ್ಥ, ಸ್ವಲ್ಪ ಏರಿಸಬೇಕು. ಹೊಳೆ ಮೇಲಿನ ಎದುರುಗಾಳಿ ಬಂದಾಗ ಭುಜ ಅಗಲಿಸಿ ಅದನ್ನ ತಾನೇ ತಿನ್ನಬೇಕು. ಬೇಗ ಓಡೋದಕ್ಕಿಂತ ಇದು ಕಷ್ಟ. ತನ್ನ ಕಾಲು ಕೇಳಿದ್ದನ್ನ ಕೊಡೋ ಹಾಗಿಲ್ಲ, ಹಿಂದಿನವಳ ಕಾಲು ಕೇಳಿದ್ದನ್ನ ಕೊಡಬೇಕು.

ಸಂಜೆಯ ಒಂಟಿ ಓಟ ಮಾತ್ರ ಕೆಡ್ತಿತ್ತು. ಮೊದಲೇ ಶಕ್ತಿ ಜಾಸ್ತಿ ಖರ್ಚಾಗಿ ಕೊನೆಗೆ ಕಾಲು ಕಲ್ಲಾಗ್ತಿದ್ದವು. ಓಟದ ದಿನ ಹತ್ತಿರ ಬರ್ತಿತ್ತು. ಅಕ್ಕೋರು ನೋಡಿಯೂ ನೋಡದವರ ಹಾಗೆ ಸ್ಟಾಪ್‌ವಾಚನ್ನ ಸೆರಗಿಗೆ ಗಂಟು ಹಾಕ್ಕೊಂಡು ಹೋಗಿಬಿಡೋರು.

ಒಂದು ಬೆಳಿಗ್ಗೆ ಹಸೀನಾ ಅವಳ ಜನ್ಮದಲ್ಲೇ ಓಡದಷ್ಟು ಬೇಗ ಓಡಿ ಮುಟ್ಟಿದಳು. ವಾಚು ನೋಡಿ ಕುಣಿದಳು. ಅಕ್ಕೋರನ್ನ ತಬ್ಬಿದಳು, ಪಂಪ್‌ಹೌಸಿನ ವಾಚ್‌ಮನ್ನಿನ ಕೈ ಕುಲುಕಿದಳು, ಅಮ್ಮಿಗೆ ಹೇಳಬೇಕು ಅಂತ ಮನೆ ಕಡೆ ಹಾರಿದಳು. ದಾಕ್ಷಾಯಣಿ ಅಲ್ಲಿ ನಿಂತಿದ್ದಾಳೆ ಅನ್ನೋದೇ ಅವಳಿಗೆ ಮರೆತುಹೋಗಿತ್ತು.

ದಾಕ್ಷಾಯಣಿ ಅವಳು ಹೋದ ದಾರಿ ನೋಡಿಕೊಂಡು ನಗ್ತಿದ್ದಳು.

“ಇವತ್ತಿನ ಓಟದಲ್ಲಿ ನಿನ್ನ ಪಾಲೆಷ್ಟು?” ಅಕ್ಕೋರು ಕೇಳಿದರು.

“ನನ್ನದೇನಿದೆ ಅಕ್ಕೋರೆ. ಕಾಲು ಅವಳದು, ಉಸಿರು ಅವಳದು. ಓಡಿದವಳು ಅವಳು.”

ಹೇಳಿದ ಮೇಲೆ ಅವಳ ನಗು ನಿಂತಿತು. ತಾನು ಏನಂದೆ ಅಂತ ತನಗೇ ಕೇಳಿಸಿದ ಹಾಗಿತ್ತು. ಅಕ್ಕೋರು ಮೊಪೆಡ್ ಹತ್ತಿ ಹೊರಟೇಬಿಟ್ಟರು.

ಅವಳು ಅಲ್ಲಿಂದ ನೇರ ಈರಣ್ಣ ಗಾರೆ ಹಾಕ್ತಿದ್ದ ಕಡೆಗೆ ಹೋದಳು. ಅವನು ಕರಣೆ ಕೆಳಗಿಡದೆ ಬರ್ತೀನಿ ಅಂದ. ಮೂವತ್ತಕ್ಕೆ ಸರಿದ ಮೇಲೆ ನನ್ನ ಕಡೆ ನೋಡಬೇಡ, ನೋಡಿದರೆ ನಾಲ್ಕು ಹೆಜ್ಜೆ ದಂಡ, ಅಷ್ಟೇ ಅವನ ಕರಾರು.

ಮನೆಗೆ ಬಂದು ಅತ್ತೆಯ ಮುಂದೆ ನಿಂತಳು.

“ಅತ್ತೆಮ್ಮ, ನಾನು ಈರಣ್ಣನ ಹಿಂದೆನೇ ಓಡ್ತೀನಿ. ಹೊಸಿಲು ತುಳಿಬೇಡ ಅಂದರೆ ತುಳಿಯಲ್ಲ. ಅದಕ್ಕೆ ಮುಂಚೆ ನೀವೇ ಬಂದು ಕಣ್ಣಾರೆ ನೋಡಿ. ಎಲ್ಲಿ ನಿಂತು ನೋಡಬೇಕು ಅಂತ ಬೀದಿಯವರು ಹೇಳೇ ಇದಾರಲ್ಲ.”

ಓಟದ ದಿನ ಸಿದ್ಧಲಿಂಗಮ್ಮ ಕಂಬಳಿ ಹೊದ್ದು ಮೂವತ್ತನೇ ಕಿಲೋಮೀಟರಿನ ಬೋರ್ಡಿನ ಕೆಳಗೆ ಪತ್ತೇದಾರರ ಹಾಗೆ ನಿಂತರು. ಸಾಕ್ಷಿಗೆ ಇರಲಿ ಅಂತ ಮಗನನ್ನೂ ಎಳಕೊಂಡು ಬಂದಿದ್ದರು.

ಬಂದರು. ಈರಣ್ಣ ಮುಂದೆ, ಸೊಸೆ ಹಿಂದೆ. ಬೋರ್ಡು ದಾಟಿದ್ದೇ ಈರಣ್ಣ ಪಕ್ಕಕ್ಕೆ ಸರಿದ, ತೂರಾಡಿದ, ಮೋರಿ ಕಟ್ಟೆಯ ಮೇಲೆ ಕುಸಿದು ವಾಂತಿ ಮಾಡಿಕೊಂಡ. ಸೊಸೆ ತಿರುಗಿಯೂ ನೋಡಲಿಲ್ಲ. ಖಾಲಿ ರಸ್ತೆಯಲ್ಲಿ ಒಬ್ಬಳೇ ಹೋದಳು, ಹೋಗ್ತಾ ಹೋಗ್ತಾ ಸಣ್ಣವಳಾದಳು.

ಹಿಡಿಯೋಕೆ ಹೋದ ಕಳ್ಳತನ ಇಷ್ಟೇ. ಸಿದ್ಧಲಿಂಗಮ್ಮ ಮಗನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ಈರಣ್ಣನ ಬಾಯಿಗೆ ಹಿಡಿದರು. ಕಂಬಳಿ ತೆಗೆದು ಅವನಿಗೆ ಹೊದಿಸಿದರು. ಇಷ್ಟು ದೂರ ಬಂದವನು ಮುಟ್ಟೋ ತನಕ ಯಾಕಪ್ಪಾ ಓಡಲ್ಲ ಅಂತ ಕೇಳಿದರು. ನನ್ನ ಓಟ ಅಲ್ಲವಲ್ಲಮ್ಮ, ಅಂದ ಅವನು.

ನೇಕಾರರ ಬೀದಿಗೆ ಆ ವಾರ ಮಾತಿನ ಬರ. ಕಂಬಳಿ ಹೊದಿಸಿದ ವಿಷಯ ಹಿಡ್ಕೊಂಡು ಒಂದಿಬ್ಬರು ಪ್ರಯತ್ನಪಟ್ಟರು. ಸಿದ್ಧಲಿಂಗಮ್ಮನ ವಯಸ್ಸು ನೋಡಿ ಕೈಬಿಟ್ಟರು.

ದಾಕ್ಷಾಯಣಿ ಹೆಂಗಸರಲ್ಲಿ ಮೊದಲಿಗಳಾಗಿ, ಗೊತ್ತುಮಾಡಿದ ಹೊತ್ತಿನೊಳಗೇ ಮುಟ್ಟಿದಳು. ಸ್ವಲ್ಪ ಹಿಂದೆಯೇ ಬಂದವಳು ದಾವಣಗೆರೆಯ ಹುಡುಗಿ, ಎತ್ತು ಗಾಡಿ ಅಂತ ಆಡಿಕೊಂಡಿದ್ದಳಲ್ಲ, ಅವಳೇ. ಆ ಹುಡುಗಿ ಅಷ್ಟು ಬೇಗ ಹಿಂದೆಂದೂ ಓಡಿದ್ದಿಲ್ಲ. ಅವಳಿಗೂ ಶಿಬಿರದ ಕರೆ ಬಂತು.

ದಾಕ್ಷಾಯಣಿ ಮನೆಗೆ ಬಂದಾಗ ಹೊಸಿಲಾಚೆಯೇ ನಿಂತಳು. ಅತ್ತೆ ಒಳಗಿನಿಂದ ಅಲ್ಲೇ ನಿಲ್ಲು ಅಂತ ಗದರಿಸಿದರು. ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಮುಖ ಮಾತ್ರ ಗಂಟು ಹಾಕ್ಕೊಂಡೇ ಇತ್ತು.

ಮರುದಿನ ಹೊಳೆದಂಡೆಯಲ್ಲಿ ಅಕ್ಕೋರು ಅವಳ ಕಾಲನ್ನ ತೊಡೆ ಮೇಲೆ ಇಟ್ಟುಕೊಂಡು, ಕಪ್ಪಾಗಿ ಏಳ್ತಿದ್ದ ಉಗುರಿಗೆ ಹರಳೆಣ್ಣೆ ಬಿಡ್ತಿದ್ದರು.

“ಅಕ್ಕೋರೆ, ಒಂದು ಕೇಳ್ಲಾ?”

“ಕೇಳು. ಕಾಲು ಅಲ್ಲಾಡಿಸಬೇಡ.”

“ಈರಣ್ಣ ಸರಿದ ಮೇಲೆ ಎದುರಿಗೆ ಏನೂ ಇರಲಿಲ್ಲ. ಯಾರ ಬೆನ್ನೂ ಇಲ್ಲ, ಬರೀ ರಸ್ತೆ. ಅಳು ಬಂತು. ನಿಂತುಬಿಡೋಣ ಅನ್ನಿಸ್ತು. ಆದರೂ ಕಾಲು ಹೋಗ್ತಾನೇ ಇತ್ತು, ಒಂದೇ ಸಮ. ಆವಾಗ ನಾನು ಯಾರನ್ನ ನಂಬ್ಕೊಂಡು ಓಡಿದೆ?”

ಅಕ್ಕೋರು ಉಗುರಿಗೆ ಬಟ್ಟೆ ಸುತ್ತಿದರು. ಗಂಟು ಹಾಕಿದರು. ಕಾಲನ್ನ ಮಗುವಿನ ಕಾಲಿನ ಹಾಗೆ ಮೆಲ್ಲಗೆ ನೆಲಕ್ಕೆ ಇಳಿಸಿದರು.

“ನನಗೇನು ಗೊತ್ತು. ನಿನ್ನ ಹಿಂದೆ ಬಂದಳಲ್ಲ ದಾವಣಗೆರೆ ಹುಡುಗಿ, ಅವಳು ಯಾರ ಬೆನ್ನು ನೋಡ್ಕೊಂಡು ಬಂದಳು ಅಂತ ಹೋಗಿ ಕೇಳು.”