ಒಡೆಯ ಸಿಕ್ಕ ನಾಯಿ

“ಗುರುಗಳೇ, ಕಟ್ಟದೆ ಬಿಟ್ಟ ಸಾಕುನಾಯಿಗೆ ಕಾರು ಬಡಿದರೆ ಚಿಕಿತ್ಸೆಯ ಖರ್ಚು ಯಾರ ತಲೆಗೆ? ಓಡಿಸಿದವನಿಗೋ, ಸಾಕಿದವನಿಗೋ?”

ಕೇಳಿದವನು ಶಿಷ್ಯ ಚೆನ್ನವೀರ. ಅಂದು ಬೆಳಿಗ್ಗೆ ಮಠಕ್ಕೆ ಬರುವ ದಾರಿಯಲ್ಲಿ ಅವನ ಕಾರಿಗೇ ಒಂದು ನಾಯಿ ಸಿಕ್ಕಿತ್ತು. ಅದರ ಯಜಮಾನ ಖರ್ಚು ಕೊಡು ಎಂದು ಅಡ್ಡ ನಿಂತಿದ್ದ. ಗುರುಗಳನ್ನು ಕೇಳಿ ಬರುತ್ತೇನೆಂದು ಹೇಳಿ, ಯಜಮಾನನನ್ನೂ ನಾಯಿಯನ್ನೂ ಅಲ್ಲೇ ಬಿಟ್ಟು ಇವನು ಬಂದಿದ್ದ. ತಪ್ಪು ನಿನ್ನದಲ್ಲ ಎಂಬ ಒಂದು ಮಾತು ಗುರುಗಳ ಬಾಯಿಂದ ಬಂದರೆ ಅವನಿಗೆ ಸಾಕಿತ್ತು. ಬಂದೇ ಬರುತ್ತದೆ ಎಂಬ ಧೈರ್ಯವೂ ಇತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಕಾರಿನಲ್ಲಿ ಪೇಟೆಗೆ ಹೊರಟಿದ್ದ. ನಾಯಿಯೊಂದು ಅಡ್ಡ ಬಂತು. ಬ್ರೇಕು ಒತ್ತುವಷ್ಟರಲ್ಲಿ ಚಕ್ರ ಅದರ ಕಾಲ ಮೇಲೆ ಹಾದಿತ್ತು. ಇಳಿದು ಸುತ್ತ ನೋಡಿದ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೊರಟುಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೆ ಅವನ ಕರುಳು ಚುರುಕ್ಕೆಂದಿತು. ಹೆಗಲ ಶಲ್ಯದಲ್ಲಿ ನಾಯಿಯನ್ನು ಸುತ್ತಿ ಪಶುವೈದ್ಯನ ಬಳಿಗೆ ಒಯ್ದ. “ಎಷ್ಟಾದ್ರೂ ಆಗ್ಲಿ ಡಾಕ್ಟ್ರೇ, ಕಾಲು ಉಳಿಸಿಕೊಡಿ” ಎಂದ.

ವೈದ್ಯ ಮೂಳೆ ಕೂಡಿಸಲು ಅಣಿಯಾಗುತ್ತಿದ್ದ. ಅಷ್ಟರಲ್ಲಿ ಒಬ್ಬ ರೈತ ಏದುಸಿರು ಬಿಡುತ್ತ ಓಡಿ ಬಂದ. ನಾಯಿ ಅವನದು. ಯಾರೋ ಅದನ್ನು ಎತ್ತಿ ಕಾರಿನಲ್ಲಿ ಮಲಗಿಸಿದ್ದನ್ನು ದೂರದ ಹೊಲದಿಂದ ಕಂಡಿದ್ದ. ಆ ಪುಣ್ಯಾತ್ಮನಿಗೆ ಕೈ ಮುಗಿಯಬೇಕೆಂದೇ ಬಂದಿದ್ದ.

ಅಲ್ಲಿಯವರೆಗೆ ವ್ಯಾಪಾರಿಯ ಕರುಳು ಮಾತಾಡಿತ್ತು. ಈಗ ಜೇಬು ಬಾಯಿ ತೆರೆಯಿತು.

“ನಾಯಿ ನಿಮ್ದಾ? ನನ್ನ ಕಾರಿಗೆ ಅಡ್ಡ ಬಂದು ಸಿಕ್ಕಿದೆ. ಕಟ್ಟಿ ಹಾಕೋಕೆ ಏನಾಗಿತ್ತು? ಖರ್ಚು ನೀವೇ ಕೊಡಿ.”

ರೈತ ಮುಗಿಯಲೆಂದು ಎತ್ತಿದ್ದ ಕೈ ಇಳಿಸಿದ. “ಹತ್ತಿಸಿದೋರು ನೀವು, ದುಡ್ಡು ಕೊಡೋನು ನಾನಾ? ಒಂದು ಕಾಸೂ ಬಿಚ್ಚಲ್ಲ.”

ಮಾತಿಗೆ ಮಾತು ಬೆಳೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾದದ್ದು ನಾಯಿ. ಒಡೆಯನಿಲ್ಲದಾಗ ಅದಕ್ಕೊಂದು ದಿಕ್ಕಿತ್ತು. ಒಡೆಯ ಸಿಕ್ಕ ಮೇಲೆ ದಿಕ್ಕಿಲ್ಲದಂತಾಯಿತು. ದುಡ್ಡಿನ ಮಾತು ಮುಗಿಯಲಿ ಎಂದು ವೈದ್ಯ ಕೈಕಟ್ಟಿ ನಿಂತ.

ವ್ಯಾಪಾರಿ ಸಿಟ್ಟಿನಲ್ಲಿ ರೈತನ ಕೊರಳಪಟ್ಟಿಗೆ ಕೈ ಹಾಕಿದ. ಮೇಜಿನ ಮೇಲಿದ್ದ ನಾಯಿ ಅದನ್ನು ಕಂಡಿತು. ಒಡೆಯನ ಮೇಲೆ ಯಾರೋ ಕೈ ಮಾಡುತ್ತಿದ್ದಾರೆ ಎಂದಷ್ಟೇ ಅದಕ್ಕೆ ಗೊತ್ತಾದದ್ದು. ಗುರ್ ಎಂದು, ಮುರಿದ ಕಾಲನ್ನೇ ಊರಿ ಎದ್ದಿತು. ಬಿತ್ತು. ಮತ್ತೆ ಎದ್ದಿತು.

ಇಬ್ಬರಿಗೂ ನಾಚಿಕೆಯಾಯಿತು. ಒಂದು ಕಾಸೂ ಬಿಚ್ಚಲಾರೆ ಎಂದವನಿಗಾಗಿ ಅದು ಎದ್ದಿತ್ತು. ಯಾರ ತಪ್ಪು, ಯಾರ ಹೊಣೆ ಎಂದು ಅದು ಯಾರನ್ನೂ ಕೇಳಿರಲಿಲ್ಲ. ವ್ಯಾಪಾರಿ ಓಡಿ ಅದರ ತಲೆ ಹಿಡಿದ, ರೈತ ಬೆನ್ನು ಹಿಡಿದ, ವೈದ್ಯ ಮೂಳೆ ಕೂಡಿಸಿದ.

“ಜೋರಾಗಿ ಬಂದೆ, ತಪ್ಪು ನಂದು” ಎಂದ ವ್ಯಾಪಾರಿ. “ಕಟ್ಟದೆ ಬಿಟ್ಟೆ, ತಪ್ಪು ನಂದು” ಎಂದ ರೈತ. ಇಷ್ಟು ಹೊತ್ತು ತಪ್ಪನ್ನು ಆಚೆ ದೂಡುತ್ತಿದ್ದವರು ಈಗ ಅದಕ್ಕಾಗಿ ಎಳೆದಾಡತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕಾದ. ಅವನ ಪ್ರಶ್ನೆ ಇನ್ನೂ ಅವನಲ್ಲೇ ಇತ್ತು.

“ಅದು ಸರಿ ಗುರುಗಳೇ, ಕೊನೆಗೆ ದುಡ್ಡು ಕೊಟ್ಟವರು ಯಾರು?”

ಗುರುಗಳು ಬಾಗಿಲಾಚೆ ನಿಂತಿದ್ದ ಅವನ ಕಾರಿನತ್ತ ನೋಡಿದರು.

“ಕಾರು ಇಲ್ಲಿದೆ ಚೆನ್ನವೀರ, ನಾಯಿ ಎಲ್ಲಿದೆ?”